ಗೂಬೆ ಯಾರನ್ನು ಕರೆಯುತ್ತದೆ?

ಮುಂಬಯಿಯ ಬೊರಿವಲಿ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದು, ರಿಕ್ಷಾದಲ್ಲಿ ಹೆದ್ದಾರಿ ದಾಟಿದರೆ ಸಿಗುವುದೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು. ಇಲ್ಲಿಯವರ ಬಾಯಲ್ಲಿ ಅದು ಇವತ್ತಿಗೂ ಬರೀ ‘ನ್ಯಾಷನಲ್ ಪಾರ್ಕ್’. ಗೇಟಿನ ಈಚೆ ಲೋಕಲ್ ಗಾಡಿ, ಬೆಸ್ಟ್ ಬಸ್ಸು, ಮುಗಿಲಿಗೆ ಮುಟ್ಟುವ ಕಟ್ಟಡಗಳು. ಆಚೆ ನೂರು ಚದರ ಕಿಲೋಮೀಟರಿಗೂ ತುಸು ಮಿಕ್ಕಿದ ಕಾಡು. ಆ ಕಾಡಿನೊಳಗೆ ಕಾನ್ಹೇರಿಯ ಬೌದ್ಧ ಗುಹೆಗಳಿವೆ, ಮುಂಬಯಿಗೆ ನೀರು ಕೊಡುವ ತುಳಸಿ ಮತ್ತು ವಿಹಾರ ಕೆರೆಗಳಿವೆ, ವಾರಲಿ ಬುಡಕಟ್ಟಿನ ಜನರ ಹಾಡಿಗಳಿವೆ. ಪೂರ್ವಕ್ಕೆ ಅದು ಥಾಣೆಯ ಯೇವೂರಿನವರೆಗೆ ಹಬ್ಬಿದೆ. ಉತ್ತರಕ್ಕೆ, ವಸಾಯಿ ಖಾಡಿ ಎಂಬ ಕಡಲ ಹಿನ್ನೀರಿನ ಆಚೆ, ನಾಗ್ಲಾದಲ್ಲೂ ಅದರ ಒಂದು ತುಂಡಿದೆ. ಈ ಕಾಡಿನ ಚಿರತೆಗಳ ಕಥೆಯನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಇವತ್ತು ನಾನು ಹೇಳಹೊರಟಿರುವುದು ಅದೇ ಕಾಡಿನ ಗೂಬೆಗಳ ಮಾತುಕತೆಯ ವಿಷಯ.

ಹಕ್ಕಿಗಳಲ್ಲೆಲ್ಲ ಗೂಬೆಯ ಕೂಗಿನ ಬಗ್ಗೆ ನಾವು ಆಡಿದಷ್ಟು ಮಾತನ್ನು ಬೇರೆ ಯಾವ ಹಕ್ಕಿಯ ಬಗ್ಗೆಯೂ ಆಡಿಲ್ಲ. ಆದರೆ ಆ ಕೂಗಿಗೆ ಕಿವಿಗೊಟ್ಟದ್ದು ಮಾತ್ರ ಬಲು ಕಡಿಮೆ. ಮನೆಯ ಮೇಲೆ ಕೂತು ಕೂಗಿದರೆ ಕೇಡು, ದಾರಿಯಲ್ಲಿ ಕೇಳಿದರೆ ಹೊರಟ ಕೆಲಸ ಆಗದು, ಕಾಯಿಲೆಯವರಿರುವ ಮನೆಯ ಹತ್ತಿರ ಕೂಗಿದರೆ ಮುಗಿದೇ ಹೋಯಿತು, ಹೀಗೆ. ಈ ನಂಬಿಕೆಗಳೆಲ್ಲದರ ಬುಡದಲ್ಲಿ ಒಂದೇ ಎಣಿಕೆ ಇದೆ: ಗೂಬೆ ಕೂಗುವುದು ನಮಗೆ ಏನನ್ನೋ ತಿಳಿಸಲಿಕ್ಕೆ ಎಂಬುದು. ಅದು ತಪ್ಪು ಎಣಿಕೆ. ಗೂಬೆ ಕೂಗುವುದು ಇನ್ನೊಂದು ಗೂಬೆಗಾಗಿ. ಆ ಕೂಗಿನಲ್ಲಿ ಹೆಸರಿದೆ, ಗಡಿಯಿದೆ, ದಾಂಪತ್ಯವಿದೆ, ಮಕ್ಕಳ ಹಸಿವಿದೆ. ಅದನ್ನು ಕೇಳಿಸಿಕೊಳ್ಳಲು ಕಲಿಯಬೇಕು, ಅದಕ್ಕೆ ಅಡ್ಡ ಬರಬಾರದು ಎಂಬ ಆಸೆಯಿಂದ ಈ ಮಾತು.

ಕರ್ನಾಟಕದ ನಮ್ಮ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಬುಡುಬುಡಿಕೆಯವರು ನೆನಪಿರಬೇಕು. ಬೆಳಗಿನ ಜಾವ, ಊರಿನ್ನೂ ಮಲಗಿರುವಾಗ, ಕೈಯಲ್ಲಿ ಪುಟ್ಟ ಬುಡುಬುಡಿಕೆ ಅಲ್ಲಾಡಿಸುತ್ತ ಬಾಗಿಲ ಮುಂದೆ ನಿಂತು, ಹಾಲಕ್ಕಿ ನುಡಿಯಿತು ಎಂದು ಮನೆಯ ಭವಿಷ್ಯ ಹೇಳುತ್ತಿದ್ದರು. ಮಹಾರಾಷ್ಟ್ರದ ಹಳ್ಳಿಗಳಲ್ಲೂ ಅದೇ ಹೊತ್ತಿಗೆ, ಅದೇ ಬಗೆಯಲ್ಲಿ ಬರುವವರಿದ್ದರು. ಅವರನ್ನು ಪಿಂಗಳಾ ಎನ್ನುತ್ತಾರೆ. ಕೈಯಲ್ಲಿ ಕುಡಮುಡೆ ಎಂಬ ಚಿಕ್ಕ ವಾದ್ಯ, ಇನ್ನೊಂದು ಕೈಯಲ್ಲಿ ಕಂದೀಲು. ಪಿಂಗಳಾ ಎಂಬುದು ಅವರ ಹೆಸರೂ ಹೌದು, ಅವರು ಯಾರ ಭಾಷೆ ಬಲ್ಲವರೆಂದು ಜನ ನಂಬಿದ್ದರೋ ಆ ಹಕ್ಕಿಯ ಹೆಸರೂ ಹೌದು. ನಮ್ಮ ಹಾಲಕ್ಕಿಯೇ ಅವರ ಪಿಂಗಳಾ. ಮೈತುಂಬ ಬಿಳಿ ಚುಕ್ಕೆಗಳಿರುವ, ಗೇಣುದ್ದದ ಪುಟ್ಟ ಗೂಬೆ. ಎರಡು ಭಾಷೆಯ ಜನ ಒಂದೇ ಹಕ್ಕಿಯನ್ನು ಆರಿಸಿಕೊಂಡು, ಅದು ಮಾತಾಡುತ್ತದೆ ಎಂದು ನಂಬಿದ್ದರಲ್ಲ, ಅದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಹಾಲಕ್ಕಿ ನಿಜವಾಗಿಯೂ ಬಹಳ ಮಾತಿನ ಹಕ್ಕಿ.

ಬೊರಿವಲಿಯಲ್ಲಿ ಅದನ್ನು ಕೇಳಲು ಕಾಡಿನೊಳಕ್ಕೆ ಹೋಗಬೇಕಾಗಿಲ್ಲ. ಹಳೆಯ ಅರಳಿ, ಆಲ, ಮಾವಿನ ಮರದಲ್ಲಿ ಒಂದು ಪೊಟರೆ ಇದ್ದರೆ ಸಾಕು. ಬೀದಿದೀಪ ಹತ್ತುವ ಹೊತ್ತಿಗೆ ಮೊದಲು ಒಂದು ಹಕ್ಕಿ ಪೊಟರೆಯಿಂದ ಈಚೆ ಬಂದು ಕೊಂಬೆಯ ಮೇಲೆ ಕೂರುತ್ತದೆ. ತಲೆಯನ್ನು ಮೇಲೆ ಕೆಳಗೆ ಮಾಡಿ ಸುತ್ತ ನೋಡುತ್ತದೆ. ಬಳಿಕ ‘ಚಿರ್‌ರ್, ಚಿರ್‌ರ್’ ಎಂದು ಗಂಟಲು ಕೆರೆದಂಥ ದನಿ. ಜೊತೆಯ ಹಕ್ಕಿ ಹೊರಗೆ ಬಂದು ಪಕ್ಕದಲ್ಲಿ ಕೂತ ಕೂಡಲೇ ‘ಚೀವಕ್ ಚೀವಕ್ ಚೀವಕ್’ ಎಂಬ ಗದ್ದಲ ಶುರು. ಒಂದರ ದನಿ ಮುಗಿಯುವ ಮೊದಲೇ ಇನ್ನೊಂದರದು ಏರುತ್ತದೆ. ದೂರದಿಂದ ಕೇಳಿದವರಿಗೆ ಜಗಳ ಎನಿಸಬೇಕು. ಆದರೆ ಹತ್ತಿರ ನಿಂತು ನೋಡಿದರೆ ಎರಡೂ ಮೈಗೆ ಮೈ ತಾಗಿಸಿ ಕೂತಿರುತ್ತವೆ. ಗದ್ದಲ ನಿಂತ ಮೇಲೆ ಒಂದು ಕಣ್ಣು ಮುಚ್ಚಿ ತಲೆ ಬಗ್ಗಿಸುತ್ತದೆ, ಇನ್ನೊಂದು ಅದರ ಕೆನ್ನೆಯ ಗರಿಗಳನ್ನು ಕೊಕ್ಕಿನಿಂದ ಹಿಕ್ಕುತ್ತದೆ. ಆ ಯುಗಳ ಕೂಗಿನ ಅರ್ಥ ಹೊರಗಿನವರಿಗೆ ಒಂದು, ತಮ್ಮೊಳಗೆ ಒಂದು. ಈ ಮರಕ್ಕೆ ನಾವಿಬ್ಬರಿದ್ದೇವೆ ಎಂದು ನೆರೆಯ ಹಾಲಕ್ಕಿಗಳಿಗೆ. ನಾನಿಲ್ಲೇ ಇದ್ದೇನೆ ಎಂದು ಜೊತೆಗಾರನಿಗೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಇವು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ. ಆಗ ಈ ಗದ್ದಲವೂ ಹೆಚ್ಚು.

ಜೋಡಿಯಾಗಿ ಕೂಗುವ ಈ ಪದ್ಧತಿ ಉಷ್ಣವಲಯದ ಹಕ್ಕಿಗಳಲ್ಲಿ ಹೆಚ್ಚಾಗಿ ಕಾಣುವಂಥದು. ಚಳಿಗೆ ಹಿಮ ಬೀಳುವ ನಾಡುಗಳಲ್ಲಿ ಅನೇಕ ಹಕ್ಕಿಗಳು ವಲಸೆ ಹೋಗುತ್ತವೆ. ವಸಂತದಲ್ಲಿ ತಿರುಗಿ ಬಂದು ಗಡಿ ಗುರುತಿಸಿಕೊಂಡು ಜೊತೆ ಹುಡುಕಬೇಕು. ನಮ್ಮಲ್ಲಿನ ಗೂಬೆಗಳಲ್ಲಿ ಬಹುಪಾಲು ಹಾಗಲ್ಲ. ಒಂದೇ ಜಾಗ, ಒಂದೇ ಜೋಡಿ, ವರ್ಷವಿಡೀ ಕಾವಲು. ಗಂಡಿಗೂ ಹೆಣ್ಣಿಗೂ ಆ ಜಾಗದ ಮೇಲೆ ಸಮನಾದ ಹಕ್ಕು, ಸಮನಾದ ಹೊಣೆ. ಆದ್ದರಿಂದ ಇಬ್ಬರೂ ಕೂಗುತ್ತಾರೆ.

ಇನ್ನು ಗೇಟಿನ ಒಳಗಿನ ದನಿಗಳು. ಬೆಳಗಿನ ವಾಕಿಂಗಿಗೆ ಪಾರ್ಕಿಗೆ ಹೋಗುವವರು ದಿನವೂ ಒಂದು ಗೂಬೆಯ ಕೂಗು ಕೇಳುತ್ತಾರೆ, ಅದು ಗೂಬೆಯದೆಂದು ಬಹಳ ಮಂದಿಗೆ ಗೊತ್ತಿಲ್ಲ. ಅದು ಕಾಡು ಹಾಲಕ್ಕಿ. ಮೈಮೇಲೆ ಚುಕ್ಕೆಗಳ ಬದಲು ಸಣ್ಣ ಅಡ್ಡಗೆರೆಗಳು. ಹಗಲು ಹೊತ್ತಿನಲ್ಲೂ ಸಲೀಸಾಗಿ ಕೂಗುತ್ತದೆ. ಮೊದಲು ಬಿಡಿಬಿಡಿಯಾಗಿ ‘ಪ್ರಾವ್... ಪ್ರಾವ್...’, ಆಮೇಲೆ ಲಯ ಚುರುಕಾಗುತ್ತ, ದನಿ ಏರುತ್ತ, ‘ಪ್ರಾವ್ ಪ್ರಾವ್ ಪ್ರಪ್ರಪ್ರಾವ್’ ಎಂದು ಧಾವಿಸಿ ಥಟ್ಟನೆ ನಿಂತುಬಿಡುತ್ತದೆ. ತುಳಸಿ ಕೆರೆಯ ದಾರಿಯಲ್ಲಿ ಒಂದು ಕಡೆಯಿಂದ ಈ ಕೂಗು ಎದ್ದರೆ ಇನ್ನೊಂದು ಕಡೆಯಿಂದ ಉತ್ತರ ಬರುವುದೂ ಉಂಟು. ಕೂಗಿದ ಕೂಡಲೇ ಸುತ್ತಲಿನ ಪಿಕಳಾರ, ಸೂರಕ್ಕಿ, ಟುವ್ವಿಗಳು ಒಟ್ಟಾಗಿ ಬಂದು ಅದನ್ನು ಗೋಳುಹೊಯ್ಯುತ್ತವೆ. ಗೂಬೆಯ ಮಾತು ಗೂಬೆಗೆಂದೇ ಆಡಿದ್ದಾದರೂ ಕದ್ದು ಕೇಳುವವರು ಕಾಡಿನಲ್ಲಿ ತುಂಬ ಜನ. ಭೀಮರಾಜ ಹಕ್ಕಿಯಂತೂ ಅಪಾಯ ಕಂಡಾಗ ಬೇಟೆಹಕ್ಕಿಗಳ ದನಿಯನ್ನೇ ಅನುಕರಿಸುತ್ತದೆ ಎಂಬುದನ್ನು ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಅಧ್ಯಯನ ಮಾಡಿದವರು ಬರೆದಿದ್ದಾರೆ. ಬೊರಿವಲಿಯ ಕಾಡಿನಲ್ಲೂ ಭೀಮರಾಜ ಇದೆ.

ಸ್ಕಾಪ್ಸ್ ಎಂಬ ಜಾತಿಯ ಚಿಕ್ಕ ಗೂಬೆಗಳಿವೆ. ತಲೆಯ ಮೇಲೆ ಎರಡು ಗರಿಯ ಕೋಡು, ಮೈಬಣ್ಣ ಮರದ ತೊಗಟೆಯ ಹಾಗೆಯೇ. ಭಾರತೀಯ ಸ್ಕಾಪ್ಸ್ ಗೂಬೆ, ಪೌರ್ವಾತ್ಯ ಸ್ಕಾಪ್ಸ್ ಗೂಬೆ ಎಂದು ಎರಡು. ಇವುಗಳಲ್ಲಿ ಮೊದಲನೆಯದರ ಕಣ್ಣು ಕಂದು, ಎರಡನೆಯದರದು ಹಳದಿ. ಆದರೆ ಕತ್ತಲಲ್ಲಿ ಕಣ್ಣಿನ ಬಣ್ಣ ನೋಡುವವರು ಯಾರು? ಮೊದಲನೆಯದು ‘ವಟ್?’ ಎಂದು ಮೆಲ್ಲಗೆ ಪ್ರಶ್ನೆ ಕೇಳಿ, ಕೆಲವು ಸೆಕೆಂಡು ಸುಮ್ಮನಿದ್ದು, ಮತ್ತೆ ಅದೇ ಪ್ರಶ್ನೆ ಕೇಳುತ್ತದೆ. ಎರಡನೆಯದು ‘ವಕ್, ಚುಗ್-ಚುಗ್’ ಎಂದು ಮೂರು ಪೆಟ್ಟಿನ ತಾಳ ಹಾಕುತ್ತದೆ. ಒಮ್ಮೆ ಕೇಳಿದವರು ಮತ್ತೆ ಒಂದನ್ನು ಇನ್ನೊಂದೆಂದು ತಿಳಿಯುವುದಿಲ್ಲ. ನಮಗೇ ಹೀಗಾದರೆ ಗೂಬೆಗಳಿಗೆ ಗೊಂದಲ ಎಲ್ಲಿಯದು? ಡೇಗೆಯ ಮೈಕಟ್ಟಿನ ಕಂದು ಗೂಬೆಯೊಂದಿದೆ, ಅದು ‘ಊ-ಅಕ್, ಊ-ಅಕ್’ ಎಂದು ಒಂದೇ ಲಯದಲ್ಲಿ ಹತ್ತಾರು ಸಲ ಹೇಳುತ್ತದೆ. ತುಳಸಿ ಕೆರೆಯಂಥ ಜಾಗದಲ್ಲಿ ಮೀನುಗೂಬೆ, ಎದೆಯಾಳದಿಂದ ಬಂದ ‘ಹೂಮ್’ ಎಂಬ ದನಿ. ಕೂಗುವಾಗ ಅದರ ಕುತ್ತಿಗೆಯ ಬಿಳಿ ಗರಿಗಳು ಉಬ್ಬಿ ನಸುಗತ್ತಲಲ್ಲೂ ಎದ್ದು ಕಾಣುತ್ತವೆ. ಕಿವಿಗೆ ಹೇಳಿದ್ದನ್ನು ಕಣ್ಣಿಗೂ ಹೇಳುವ ಈ ಬಗೆಯನ್ನು ಯುರೋಪಿನ ದೊಡ್ಡ ಕೊಂಬಿನ ಗೂಬೆಯಲ್ಲಿ ವಿಜ್ಞಾನಿಗಳು ಚೆನ್ನಾಗಿ ಪರಿಶೀಲಿಸಿದ್ದಾರೆ. ಅಲ್ಲೂ ಬಿಳಿ ಕುತ್ತಿಗೆಯೇ ಗುರುತಿನ ಚೀಟಿ.

ಇವೆಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ದನಿ ಚಿತ್ತಾರದ ಮೈಯ ದೊಡ್ಡ ಕಾಡುಗೂಬೆಯದು. ‘ಚುಹುವಾಆಆ’ ಎಂದು ನಡುಗುತ್ತ ಏರಿ ಇಳಿಯುತ್ತದೆ. ನಕ್ಕಂತೆಯೂ ಹೌದು, ಅತ್ತಂತೆಯೂ ಹೌದು. ಕಾಸರಗೋಡಿನಿಂದ ಕೆಳಗೆ ಮಲಯಾಳ ನಾಡಿನಲ್ಲಿ ಇದಕ್ಕೆ ಕಾಲನ್ ಕೋಳಿ, ಎಂದರೆ ಯಮನ ಕೋಳಿ ಎಂಬ ಹೆಸರು. ಹೊರಡೋಣ ಬಾ ಎಂದು ಅದು ಕರೆಯುತ್ತದೆ ಎಂದು ಅಲ್ಲಿಯವರು ಅರ್ಥ ಮಾಡಿದರು. ಶ್ರೀಲಂಕಾದಲ್ಲಿ ‘ಉಲಮಾ’ ಎಂಬ ಪಿಶಾಚಿ ಹಕ್ಕಿಯ ಕಥೆಯಿದೆ. ಕಾಡಿನ ಇರುಳಿನಲ್ಲಿ ಹೆಂಗಸು ಚೀರಿದಂಥ ದನಿ. ಅದು ಪಶ್ಚಿಮ ಘಟ್ಟಗಳಲ್ಲೂ ಇರುವ, ಹೊಟ್ಟೆಯ ಮೇಲೆ ಮಚ್ಚೆಗಳಿರುವ ಒಂದು ದೊಡ್ಡ ಗೂಬೆಯದಿರಬೇಕೆಂದು ಪಕ್ಷಿತಜ್ಞರು ಅನೇಕರು ಹೇಳುತ್ತಾರೆ. ಕತ್ತಲಲ್ಲಿ ಮೂಲ ಕಾಣದ ದನಿ ಕೇಳಿದಾಗ ಮನುಷ್ಯನಿಗೆ ತನ್ನ ಸಾವೇ ನೆನಪಾದದ್ದು ಸಹಜ. ಆದರೆ ಆ ಕಾಡುಗೂಬೆ ಹೇಳುತ್ತಿರುವುದು ಇಷ್ಟೇ: ಈ ಮಾವಿನ ತೋಪು ನನ್ನದು, ಇಲ್ಲಿಗೆ ಬರಬೇಡ.

ಈಗ ಆ ದನಿ ಹೀಗೇಕೆ ಇದೆ ಎಂಬುದನ್ನು ನೋಡೋಣ. ದೊಡ್ಡ ಗೂಬೆಗಳ ‘ಹೂ’ಕಾರ ಕೆಲವೇ ನೂರು ಹರ್ಟ್ಸ್‌ಗಳ ತಗ್ಗಿನ ದನಿ. ಮುನ್ನೂರು ಹರ್ಟ್ಸ್‌ನ ದನಿಯ ಒಂದೊಂದು ಅಲೆಯೂ ಒಂದು ಮೀಟರಿಗಿಂತ ಉದ್ದ. ಅಷ್ಟು ಉದ್ದದ ಅಲೆ ಎಲೆ, ರೆಂಬೆ, ಕಾಂಡಗಳಿಗೆ ತಡೆದು ಚದರುವುದಿಲ್ಲ, ಸುತ್ತಿ ಬಳಸಿ ಮುಂದೆ ಹೋಗುತ್ತದೆ. ಎತ್ತರದ ದನಿಯಾದರೆ ಎಲೆಗಳ ನಡುವೆಯೇ ಚೆದುರಿ ಸೋರಿಹೋಗುತ್ತದೆ. ಇನ್ನೊಂದು ಲಾಭವೂ ಇದೆ. ನಮ್ಮ ಕಾಡಿನ ಇರುಳು ಸದ್ದಿಲ್ಲದ್ದಲ್ಲ. ಜೀರುಂಡೆ, ಮಿಡತೆಗಳು ಸಾವಿರಾರು ಹರ್ಟ್ಸ್‌ಗಳ ಎತ್ತರದಲ್ಲಿ ಎಡೆಬಿಡದೆ ಕಿರುಗುಟ್ಟುತ್ತಿರುತ್ತವೆ. ಆ ಗದ್ದಲದ ಕೆಳಗೆ ತಗ್ಗಿನ ದನಿಗೆ ಒಂದು ಖಾಲಿ ದಾರಿ ಉಳಿದಿರುತ್ತದೆ. ಗೂಬೆಗಳ ಮಾತು ನಡೆಯುವುದು ಆ ದಾರಿಯಲ್ಲಿ.

ಗೂಬೆಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ಗಾತ್ರದಲ್ಲಿ ದೊಡ್ಡದು. ಆದರೂ ಎಷ್ಟೋ ಜಾತಿಗಳಲ್ಲಿ ತಗ್ಗಿನ ದನಿ ಗಂಡಿನದು, ಎತ್ತರದ ದನಿ ಹೆಣ್ಣಿನದು. ಒಂದೇ ಮರದಿಂದ ಎರಡು ಶ್ರುತಿಯ ಕೂಗು ಬಂದರೆ ಅಲ್ಲಿ ಜೋಡಿಯಿದೆ ಎಂದು ನೆರೆಯ ಗೂಬೆಗೆ ಗೊತ್ತಾಗುತ್ತದೆ. ಜಾತಿ, ಗಂಡು ಹೆಣ್ಣು, ಇವಿಷ್ಟೇ ಅಲ್ಲದೆ ಕೂಗುತ್ತಿರುವವರು ಯಾರು ಎಂಬುದೂ ಅದಕ್ಕೆ ತಿಳಿಯುತ್ತದೆ. ನಮ್ಮ ಹಾಲಕ್ಕಿಯ ಹತ್ತಿರದ ಸಂಬಂಧಿಯೊಂದು ಯುರೋಪಿನಲ್ಲಿದೆ. ಅದರ ಮೇಲೆ ಫ್ರಾನ್ಸಿನಲ್ಲಿ ನಡೆದ ಒಂದು ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಪಕ್ಕದ ಮರದ ಗೂಬೆಯ ಕೂಗನ್ನು, ಎಂದಿನ ದಿಕ್ಕಿನಿಂದ, ಧ್ವನಿಮುದ್ರಿಕೆಯಲ್ಲಿ ಕೇಳಿಸಿದರೆ ಹಕ್ಕಿ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಅಪರಿಚಿತ ಗೂಬೆಯ ಕೂಗು ಕೇಳಿಸಿದಾಗ ಕೆರಳಿ ಕೂಗಾಡಿತು. ಎಂದರೆ ನೆರೆಯವನ ದನಿ ಅದಕ್ಕೆ ಪರಿಚಿತ. ಅವನ ಗಡಿ ಎಲ್ಲಿದೆಯೆಂದು ಗೊತ್ತು, ಅವನೊಡನೆ ಒಂದು ಒಪ್ಪಂದ ಇದೆ. ಹೊಸಬನೊಡನೆ ಅದಿಲ್ಲ. ಈ ವಿಷಯವನ್ನು ದಯವಿಟ್ಟು ನೆನಪಿನಲ್ಲಿಡಿ, ಕೊನೆಗೆ ಬೇಕಾಗುತ್ತದೆ.

ಕೋಗಿಲೆಯೋ ಗೂಬೆಯೋ ಯಾವ ಹಕ್ಕಿಯಾದರೂ ಹಾಡನ್ನು ಕಲಿಯುತ್ತದೆಯೇ ಎಂದು ನೀವು ಕೇಳಬಹುದು. ಮಡಿವಾಳ, ಸೂರಕ್ಕಿಯಂಥ ಹಾಡುಹಕ್ಕಿಗಳು, ಗಿಳಿಗಳು, ಅಮೆರಿಕದ ಝೇಂಕಾರದ ಹಕ್ಕಿಗಳು, ಇವು ಕೇಳಿ ಕಲಿಯುವಂಥವು. ಗೂಬೆ ಹಾಗಲ್ಲ, ಕೂಗಿನ ಅಚ್ಚು ಹುಟ್ಟಿನಿಂದಲೇ ಅದರೊಳಗಿರುತ್ತದೆ. ಆದ್ದರಿಂದಲೇ ಗೂಬೆಗಳಲ್ಲಿ ಕೂಗು ಬೇರೆಯಾದರೆ ಜಾತಿಯೇ ಬೇರೆಯಿರಬಹುದು ಎಂದು ವಿಜ್ಞಾನಿಗಳು ಕಿವಿ ನಿಮಿರಿಸುತ್ತಾರೆ. ಉಷ್ಣವಲಯದ ಹೊಸ ಗೂಬೆಗಳು ಬಹಳಷ್ಟು ಮೊದಲು ಕಿವಿಗೆ ಸಿಕ್ಕಿ, ಆಮೇಲೆ ಕಣ್ಣಿಗೆ ಬಿದ್ದವು. ಶ್ರೀಲಂಕಾದ ದೀಪಾಲ್ ವಾರಕಾಗೋಡ ಎಂಬ ಪಕ್ಷಿತಜ್ಞರು 1995ರಲ್ಲಿ ಕಿತುಲ್ಗಲದ ಮಳೆಕಾಡಿನಲ್ಲಿ ಗುರುತು ಹತ್ತದ ಒಂದು ಕೂಗು ಕೇಳಿದರು. ಆ ಹಕ್ಕಿಯನ್ನು ಕಣ್ಣಾರೆ ಕಂಡದ್ದು 2001ರಲ್ಲಿ, ಸಿಂಹರಾಜ ಕಾಡಿನಲ್ಲಿ. ಅದು ಲೋಕಕ್ಕೇ ಹೊಸ ಗೂಬೆ. 2004ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಾಯಿತು. ಇಂಡೋನೇಷ್ಯಾದ ಲೊಂಬೊಕ್ ದ್ವೀಪದಲ್ಲಿ 2003ರಲ್ಲಿ ಇಬ್ಬರು, ಒಬ್ಬರಿಗೊಬ್ಬರು ತಿಳಿಯದೆ, ಕೆಲವೇ ದಿನಗಳ ಅಂತರದಲ್ಲಿ ಒಂದು ವಿಚಿತ್ರ ಸಿಳ್ಳೆಗೆ ಕಿವಿಗೊಟ್ಟರು. ಅಲ್ಲೂ ಹೊಸ ಗೂಬೆಯೇ ಸಿಕ್ಕಿತು. ಆ ಇಬ್ಬರಲ್ಲಿ ಒಬ್ಬರಾದ ಬೆನ್ ಕಿಂಗ್ ಅವರ ಹೆಸರು ನಮ್ಮ ಮಹಾರಾಷ್ಟ್ರದ ಒಂದು ಗೂಬೆಯ ಕಥೆಯಲ್ಲೂ ಬರುತ್ತದೆ.

ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈಗಿನ ಛತ್ತೀಸಗಡದಲ್ಲಿ ಬ್ಲೂವಿಟ್ ಎಂಬ ಇಂಗ್ಲಿಷ್ ಅಧಿಕಾರಿ 1872ರಲ್ಲಿ ಹೊಡೆದ ಒಂದು ಚಿಕ್ಕ ಗೂಬೆಯನ್ನು ಮರುವರ್ಷ ಅಲನ್ ಹ್ಯೂಮ್ ಹೊಸ ಜಾತಿಯೆಂದು ಹೆಸರಿಸಿದರು. ಮರಾಠಿಯಲ್ಲಿ ಈಗ ಅದನ್ನು ರಾನ್ ಪಿಂಗಳಾ ಎನ್ನುತ್ತಾರೆ. 1884ರವರೆಗೆ ಖಾಂದೇಶ ಮೊದಲಾದ ಕಡೆ ಕೆಲವು ಮಾದರಿಗಳು ಸಿಕ್ಕವು. ಅಲ್ಲಿಗೆ ಮುಗಿಯಿತು. ಸಲೀಂ ಅಲಿಯವರೂ ಅವರ ಜೊತೆಗಾರ ಡಿಲನ್ ರಿಪ್ಲಿಯವರೂ ಹುಡುಕಿ ಸೋತರು. ಗುಜರಾತಿನಲ್ಲಿ 1914ರಲ್ಲಿ ತಾನೊಂದನ್ನು ಹಿಡಿದೆನೆಂದು ಮೈನರ್ಟ್ಸ್‌ಹಾಗೆನ್ ಎಂಬ ಸೇನಾಧಿಕಾರಿ ಹೇಳಿಕೊಂಡಿದ್ದನ್ನು ನಂಬಿ ಜನ ಆ ಕಡೆ ಹುಡುಕಿದ್ದೂ ಆಯಿತು. ಆದರೆ ಅದು ವಸ್ತುಸಂಗ್ರಹಾಲಯದಿಂದ ಕದ್ದ ಹಳೆಯ ಮಾದರಿ, ಚೀಟಿ ಮಾತ್ರ ಹೊಸದು ಎಂಬುದನ್ನು ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್‌ಮುಸ್ಸೆನ್ ಬಯಲಿಗೆಳೆದರು. ಆ ಸುಳ್ಳನ್ನು ಬದಿಗಿಟ್ಟು, ಹಳೆಯ ನಿಜವಾದ ಜಾಗಗಳಿಗೇ ಹೋಗೋಣವೆಂದು ಅವರು, ಬೆನ್ ಕಿಂಗ್ ಮತ್ತು ಡೇವಿಡ್ ಆಬಟ್ ಜೊತೆಗೂಡಿ ಬಂದರು. 1997ರ ನವೆಂಬರ್ 25ರ ಬೆಳಿಗ್ಗೆ, ಈಗಿನ ನಂದುರಬಾರ ಜಿಲ್ಲೆಯ ಶಹಾದಾ ಬಳಿ, ಎಲೆಯುದುರಿದ ಮರದ ಮೇಲೆ ಆ ಗೂಬೆ ಬಿಸಿಲು ಕಾಯಿಸುತ್ತ ಕೂತಿತ್ತು. 113 ವರ್ಷಗಳ ಬಳಿಕ.

ಆ 113 ವರ್ಷಗಳಲ್ಲಿ ಅದರ ದನಿ ಹೇಗಿದೆ ಎಂದು ಹೇಳಬಲ್ಲವರು ವಿಜ್ಞಾನಿಗಳಲ್ಲಿ ಒಬ್ಬರೂ ಇರಲಿಲ್ಲ. ಇದ್ದಿದ್ದರೆ ಅಷ್ಟು ಕಾಲ ಹುಡುಕಬೇಕಾಗುತ್ತಿರಲಿಲ್ಲ ಎಂದು ನನಗನಿಸುತ್ತದೆ, ಏಕೆಂದರೆ ಅದು ಹಗಲಿನಲ್ಲಿ ಓಡಾಡುವ, ಹಗಲಿನಲ್ಲಿ ಕೂಗುವ ಗೂಬೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ನಮ್ಮ ಮುಂಬಯಿಯಲ್ಲಿ 1883ರಲ್ಲಿ ಹುಟ್ಟಿದ ಸಂಸ್ಥೆ, ಬಳಿಕ ಈ ಗೂಬೆಯ ಅಧ್ಯಯನವನ್ನು ಕೈಗೆತ್ತಿಕೊಂಡಿತು. ಫರಾ ಇಷ್ತಿಯಾಕ್ ಅವರು ರಾಸ್‌ಮುಸ್ಸೆನ್ ಜೊತೆ ಈ ಗೂಬೆಯ ಕೂಗುಗಳನ್ನು ಮುದ್ರಿಸಿಕೊಂಡು, ಗಡಿ ಸಾರುವ ಕೂಗು ಯಾವುದು, ಜೊತೆಯನ್ನು ಕರೆಯುವುದು ಯಾವುದು, ಗಾಬರಿಯದು ಯಾವುದು ಎಂದು ಬಿಡಿಸಿಟ್ಟರು. 1999ರಲ್ಲಿ ಅದು ಪ್ರಕಟವಾಯಿತು. ಅಂದಿನಿಂದ ಗೂಬೆಯನ್ನು ಹುಡುಕುವವರಿಗೆ ಕಿವಿಯೂ ಒದಗಿತು. ಮಧ್ಯಪ್ರದೇಶ, ಮಹಾರಾಷ್ಟ್ರದ ಹೊಸ ಹೊಸ ಕಾಡುಗಳಲ್ಲಿ ಅದು ಸಿಗತೊಡಗಿತು. 2014ರಲ್ಲಿ ಕಾಣಿಸಿಕೊಂಡದ್ದು ಎಲ್ಲಿ ಗೊತ್ತೇ? ವಸಾಯಿಯ ತುಂಗಾರೇಶ್ವರ ಅಭಯಾರಣ್ಯದಲ್ಲಿ. ಬೊರಿವಲಿಯ ಕಾಡಿನ ನಾಗ್ಲಾ ತುಂಡು ಕೈಚಾಚುವುದು ಅದೇ ತುಂಗಾರೇಶ್ವರದ ಕಡೆಗೆ. ನಾವು ವಿರಾರ್ ಲೋಕಲ್ಲಿನ ಕಿಟಕಿಯಿಂದ ದಿನವೂ ನೋಡುವ ಬೆಟ್ಟದ ಸಾಲು ಅದು.

ಇನ್ನು ಮರಿಗಳ ಮಾತು. ಮುಂಬಯಿಯ ಕಟ್ಟಡಗಳಲ್ಲೇ ವಾಸವಾಗಿರುವ ಬಿಳಿ ಮುಖದ ಕಣಜ ಗೂಬೆಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ. ಎ.ಸಿ. ಕೂರಿಸುವ ಗೂಡು, ನೀರಿನ ಟ್ಯಾಂಕಿನ ಸಂದು, ಲಿಫ್ಟಿನ ಮೇಲಿನ ಕೋಣೆ, ಎಲ್ಲಿಯಾದರೂ ಸರಿ. ಇದು ‘ಹೂ’ ಎನ್ನುವುದಿಲ್ಲ, ಕರ್ಕಶವಾಗಿ ಕಿರುಚುತ್ತದೆ. ಇದರ ಮರಿಗಳು ರಾತ್ರಿಯಿಡೀ ಗೊರಕೆ ಹೊಡೆದಂತೆ ಬುಸುಗುಟ್ಟುತ್ತವೆ. ಹಾವು ಸೇರಿಕೊಂಡಿದೆಯೆಂದು ಹೆದರುವವರಿದ್ದಾರೆ. ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡ್ರೆ ರೂಲಾ ಮತ್ತು ಸಂಗಡಿಗರು ಹಲವು ವರ್ಷ ಈ ಮರಿಗಳನ್ನು ಅಧ್ಯಯನ ಮಾಡಿ ಒಂದು ಸೊಗಸಾದ ವಿಷಯ ಕಂಡುಕೊಂಡರು. ತಾಯಿ ತಂದೆ ಇಲಿ ಹಿಡಿಯಲು ಹೋಗಿರುವಾಗ, ಗೂಡಿನಲ್ಲಿ ಯಾರೂ ಉಣಿಸುವವರಿಲ್ಲದಿದ್ದರೂ ಮರಿಗಳು ಒಂದಕ್ಕೊಂದು ದನಿ ಕೊಡುತ್ತಲೇ ಇರುತ್ತವೆ. ಹೆಚ್ಚು ಹಸಿದದ್ದು ಹೆಚ್ಚು ಸಲ, ಹೆಚ್ಚು ಹೊತ್ತು ಕೂಗುತ್ತದೆ. ಅಷ್ಟಾಗಿ ಹಸಿಯದ ಮರಿ ಸುಮ್ಮನಾಗಿ ಮುಂದಿನ ಇಲಿಯ ಸರದಿಯನ್ನು ಬಿಟ್ಟುಕೊಡುತ್ತದೆ. ಒಂದರ ದನಿಯ ಮೇಲೆ ಇನ್ನೊಂದು ದನಿ ಹಾಕುವುದನ್ನೂ ಆದಷ್ಟು ತಪ್ಪಿಸುತ್ತವೆ. ಕಿತ್ತಾಟಕ್ಕೆ ಮೊದಲೇ ಮಾತಿನಲ್ಲಿ ತೀರ್ಮಾನ. ಗೂಡಿನಿಂದ ಬರುವ ಆ ಬುಸುಗುಟ್ಟುವಿಕೆಯನ್ನು ಇಷ್ಟು ತಿಳಿದು ಕೇಳಿದರೆ ಯಾರಿಗೆ ಹೆದರಿಕೆಯಾದೀತು?

ಇಷ್ಟು ಅಚ್ಚುಕಟ್ಟಾದ ವ್ಯವಹಾರಕ್ಕೆ ಈ ನಗರದಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದೇ ನನ್ನ ಚಿಂತೆ. ಗೂಬೆಗಳ ದನಿಗೆ ತಗ್ಗಿನಲ್ಲಿ ಒಂದು ಖಾಲಿ ದಾರಿ ಇದೆ ಎಂದೆನಲ್ಲ, ಲಾರಿ, ಬಸ್ಸು, ರೈಲುಗಳ ಗುಡುಗು ತುಂಬಿಕೊಳ್ಳುವುದು ಅದೇ ದಾರಿಯನ್ನು. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ಈ ಕಾಡಿನ ಪಶ್ಚಿಮದ ಅಂಚಿಗೇ ಹಾದಿದೆ, ಘೋಡಬಂದರ್ ರಸ್ತೆ ಉತ್ತರದಲ್ಲಿ ಹಾದಿದೆ. ಸದ್ದಿನ ಊರುಗಳಲ್ಲಿ ಕೆಲವು ಹಾಡುಹಕ್ಕಿಗಳು ಶ್ರುತಿಯನ್ನು ಏರಿಸಿಕೊಂಡು ಹಾಡುವುದನ್ನು ಹಾಲೆಂಡಿನ ಲೈಡನ್‌ನಲ್ಲಿ ಗುರುತಿಸಿದ್ದಾರೆ. ಹುಟ್ಟಿನಿಂದಲೇ ತಗ್ಗಿನ ಕೂಗಿನ ಅಚ್ಚು ಹೊತ್ತುಬಂದ ಗೂಬೆಗೆ ಅಂಥ ಅನುಕೂಲ ಕಡಿಮೆ. ಮೇಲಾಗಿ ಎಷ್ಟೋ ಗೂಬೆಗಳು ಬೇಟೆಯಾಡುವುದೂ ಕಿವಿಯ ನೆರವಿನಿಂದಲೇ. ಗಾಢ ಕತ್ತಲ ಕೋಣೆಯಲ್ಲಿ, ಒಣ ಎಲೆಯ ಮೇಲೆ ಇಲಿ ಹೆಜ್ಜೆಯಿಟ್ಟ ಸಪ್ಪಳವೊಂದರಿಂದಲೇ ಕಣಜ ಗೂಬೆ ಅದರ ಮೇಲೆ ಎರಗಬಲ್ಲದು ಎಂದು ಅಮೆರಿಕದ ರೋಜರ್ ಪೇನ್ ತೋರಿಸಿಕೊಟ್ಟರು. ಮುಂದೆ ತಿಮಿಂಗಿಲಗಳ ಹಾಡನ್ನು ಲೋಕಕ್ಕೆ ಕೇಳಿಸಿದವರೂ ಇವರೇ. ಜಪಾನಿನಲ್ಲಿ ಗೂಬೆಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ, ವಾಹನಗಳ ಸದ್ದಿನಿಂದ ಅವುಗಳ ಬೇಟೆಗೆ ಆಗುವ ತೊಡಕು ರಸ್ತೆಯಿಂದ 120 ಮೀಟರಿನ ಆಚೆಗೂ ಮುಟ್ಟಬಹುದೆಂದು ಹೇಳಿತು. ಮಳೆಯ ಸದ್ದೂ ಕಡಿಮೆಯದಲ್ಲ. ಯುರೋಪಿನ ಒಂದು ಕಾಡುಗೂಬೆಯ ಕೂಗು ಒಣ ಹವೆಯಲ್ಲಿ ಮುಟ್ಟುವ ಪ್ರದೇಶಕ್ಕೆ ಹೋಲಿಸಿದರೆ ಮಳೆಯಲ್ಲಿ ಮುಟ್ಟುವುದು 69 ಪಟ್ಟು ಕಡಿಮೆಯಾಗಬಹುದು ಎಂದು 2002ರ ಒಂದು ಲೆಕ್ಕ. ನಮ್ಮ ನಾಲ್ಕು ತಿಂಗಳ ಮುಂಗಾರಿನಲ್ಲಿ ಗೂಬೆಗಳಿಗೆ ಮಾತಾಡಲು ಸಿಗುವುದು ಮಳೆ ಬಿಟ್ಟ ಹೊತ್ತಷ್ಟೇ. ಆದರೆ ಮಳೆ ನಿಲ್ಲುತ್ತದೆ, ಹೆದ್ದಾರಿ ನಿಲ್ಲುವುದಿಲ್ಲ.

ಹೆದ್ದಾರಿಯನ್ನು ನಾನಾಗಲಿ ನೀವಾಗಲಿ ನಿಲ್ಲಿಸಲಾರೆವು. ನಮ್ಮ ಕೈಯಲ್ಲಿರುವುದು ಕೆಲವಿದೆ, ಅವನ್ನು ಕೇಳಿಕೊಳ್ಳುತ್ತೇನೆ. ಮೊದಲನೆಯದು ಮೊಬೈಲು. ಗೂಬೆಯ ಕೂಗನ್ನು ಫೋನಿನಲ್ಲಿ ಹಾಕಿ ಹಕ್ಕಿಯನ್ನು ಹತ್ತಿರ ಕರೆಸಿ ಫೋಟೋ ತೆಗೆಯುವ ಚಾಳಿ ಹೆಚ್ಚುತ್ತಿದೆ. ಆಗಲೇ ಫ್ರಾನ್ಸಿನ ಪ್ರಯೋಗದ ಮಾತು ಹೇಳಿದೆ. ನಿಮ್ಮ ಫೋನಿನಲ್ಲಿರುವ ದನಿ ಆ ಮರದ ಗೂಬೆಗೆ ಯಾವತ್ತೂ ಹೊಸಬನದೇ. ತನ್ನ ಗಡಿಯೊಳಗೆ, ತನ್ನ ಮರಿಗಳ ಪಕ್ಕದಲ್ಲಿ, ಎಲ್ಲಿಂದಲೋ ಬಂದ ವೈರಿ ನಿಂತು ಸವಾಲು ಹಾಕುತ್ತಿದ್ದಾನೆಂದು ಅದು ಗೂಡು ಬಿಟ್ಟು ಧಾವಿಸುತ್ತದೆ. ನೀವು ಫೋಟೋ ತೆಗೆದುಕೊಂಡು ಮನೆಗೆ ಹೋಗುತ್ತೀರಿ, ಅದು ಇಲ್ಲದ ವೈರಿಯನ್ನು ರಾತ್ರಿಯೆಲ್ಲ ಹುಡುಕುತ್ತದೆ. ಗಣತಿಗಾಗಿ ವಿಜ್ಞಾನಿಗಳು ಅಳತೆಯಿಟ್ಟು ಮಾಡುವ ಕೆಲಸ ಬೇರೆ. ನಾವು ಮಾಡಬಾರದು, ಮಕ್ಕಳಿಗೂ ಹೇಳಬೇಕು.

ಎರಡನೆಯದು ದೀಪಾವಳಿ. ಲಕ್ಷ್ಮಿಯ ವಾಹನವೆಂದು ಉತ್ತರದ ಕಡೆ ಪೂಜೆಗೊಳ್ಳುವ ಹಕ್ಕಿಯನ್ನೇ ಆ ದಿನಗಳಲ್ಲಿ ವಾಮಾಚಾರಕ್ಕಾಗಿ ಹಿಡಿದು ಮಾರುತ್ತಾರೆ. ಅಬ್ರಾರ್ ಅಹ್ಮದ್ ಅವರು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆಗಾಗಿ ಬರೆದು 2010ರಲ್ಲಿ ಹೊರಬಂದ ವರದಿಯಲ್ಲಿ ಈ ಗುಟ್ಟಿನ ವ್ಯಾಪಾರದ ವಿವರಗಳಿವೆ. ಗೂಬೆಯನ್ನು ಕಟ್ಟಿಹಾಕಿ, ಅದನ್ನು ಗೋಳುಹೊಯ್ಯಲು ಬರುವ ಬೇರೆ ಹಕ್ಕಿಗಳನ್ನು ಹಿಡಿಯುವ ಕ್ರೂರ ಪದ್ಧತಿಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಕಂಡರೆ ಅರಣ್ಯ ಇಲಾಖೆಗೆ ಫೋನು ಮಾಡಿ.

ಕೊನೆಯದು ನಿಮ್ಮ ಹೌಸಿಂಗ್ ಸೊಸೈಟಿಯ ಮರ. ಮುಂಬಯಿಯಲ್ಲಿ ಪ್ರತಿವರ್ಷ ಮಳೆಗೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ಕೊಂಬೆ ಸವರುವ ಕೆಲಸ ನಡೆಯುತ್ತದೆ. ಹಾಲಕ್ಕಿಯ ಮರಿಗಳು ಪೊಟರೆಯೊಳಗೆ ಇನ್ನೂ ಇರಬಹುದಾದ ಕಾಲ ಅದು. ಕಮಿಟಿಯವರು ಮಹಾನಗರಪಾಲಿಕೆಗೆ ಅರ್ಜಿ ಕೊಡುವ ಮೊದಲು ಎರಡು ಮೂರು ಸಂಜೆ ಮರದ ಕೆಳಗೆ ನಿಂತು ಕೇಳಿ. ‘ಚಿರ್‌ರ್’ ಎಂಬ ದನಿ ಬಂದರೆ, ಅಪಾಯವಿಲ್ಲದ ಕೊಂಬೆಯಾದರೆ, ಪೊಟರೆಯಿರುವ ಆ ಒಂದು ಕೊಂಬೆಯನ್ನು ಬಿಟ್ಟು ಉಳಿದದ್ದನ್ನು ಸವರಲು ಹೇಳಿ.